ಲ್ಯಾಬಕ್ಕ ಹೇಳಿಕೊಟ್ಟ ಮರಿಗಳ ಪಾಠ

ಎರಡನೇ ಮಹಡಿಯ ಕಂಪ್ಯೂಟರ್ ಲ್ಯಾಬಿನ ಬೀಗದ ಕೈ ಹತ್ತೊಂಬತ್ತು ವರ್ಷದಿಂದ ಅವಳ ಕೈಚೀಲದಲ್ಲೇ ಇತ್ತು. ಕಾಗದದಲ್ಲಿ ಅವಳು ಪ್ರಯೋಗಾಲಯ ಸಹಾಯಕಿ, ವಿದ್ಯಾರ್ಥಿಗಳ ಬಾಯಲ್ಲಿ ಲ್ಯಾಬಕ್ಕ. ಅವಳ ಕೆಲಸಗಳ ಪಟ್ಟಿಯನ್ನು ಯಾರೋ ಪುಣ್ಯಾತ್ಮರು ಟೈಪು ಮಾಡಿಸಿ ಬಾಗಿಲ ಹಿಂದೆ ಅಂಟಿಸಿದ್ದರು. ಬಾಗಿಲು ತೆಗೆಯುವುದು, ಇಪ್ಪತ್ನಾಲ್ಕು ಯಂತ್ರಗಳ ಧೂಳು ಹೊಡೆಯುವುದು, ಬೋರ್ಡು ಒರೆಸುವುದು, ಹಾಜರಿ ಪುಸ್ತಕವನ್ನು ಮೇಷ್ಟ್ರ ಮುಂದಿಡುವುದು, ಬಾಗಿಲು ಹಾಕುವುದು. ಪಾಠ ಮಾಡುವುದು ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. ಮಾಡುತ್ತಿದ್ದವಳು ಮಾತ್ರ ಅವಳೇ. ಮೇಷ್ಟ್ರುಗಳು ಬರುತ್ತಿದ್ದರು, ಹಾಜರಿಗೆ ಸಹಿ ಹಾಕುತ್ತಿದ್ದರು, "ಸ್ವಲ್ಪ ನೋಡ್ಕೊಳ್ಳಿ ಅಕ್ಕಾ, ಒಂದು ಟೀ ಕುಡಿದು ಬಂದ್ಬಿಡ್ತೀನಿ" ಎಂದು ಹೋಗುತ್ತಿದ್ದರು. ಆ ಒಂದು ಟೀ ಕುಡಿಯಲು ಎರಡು ಗಂಟೆ ಹಿಡಿಯುತ್ತಿತ್ತು. ಅಷ್ಟು ಬಿಸಿ ಟೀಯನ್ನು ಎಲ್ಲಿ ಕಾಯಿಸುತ್ತಾರೋ, ಕುಡಿದವರೇ ಹೇಳಬೇಕು.

ಅವಳು ಕಲಿತದ್ದು ಯಾರೋ ಕೂರಿಸಿಕೊಂಡು ಕಲಿಸಿದ್ದರಿಂದಲ್ಲ, ಬೈಸಿಕೊಂಡದ್ದರಿಂದ. ಸೇರಿದ ಮೊದಲ ವರ್ಷ ಒಬ್ಬ ವಿದ್ಯಾರ್ಥಿ ನಾಲ್ಕೇ ಸಾಲಿನ ಒಂದು ಪ್ರೋಗ್ರಾಮು ಬರೆದ. ಓಡುತ್ತಿರುವ ಪ್ರೋಗ್ರಾಮು ತನ್ನಂಥದ್ದೇ ಇನ್ನೊಂದನ್ನು ಹುಟ್ಟಿಸಬೇಕಾದರೆ ಫೋರ್ಕ್ ಎಂಬ ಕರೆ ಕೊಡಬೇಕು. ಆ ಮಹಾಶಯ ಅದನ್ನು ಕೊನೆಯಿಲ್ಲದ ಸುತ್ತಿನೊಳಗೆ ಇಟ್ಟುಬಿಟ್ಟಿದ್ದ. ಪ್ರೋಗ್ರಾಮು ಮರಿ ಹಾಕಿತು, ಮರಿಯೂ ಮರಿ ಹಾಕಿತು, ಆ ಮರಿಯ ಮರಿಯೂ ಸುಮ್ಮನಿರಲಿಲ್ಲ. ನಿಮಿಷ ತುಂಬುವುದರೊಳಗೆ, ಇಡೀ ಲ್ಯಾಬನ್ನು ನಡೆಸುತ್ತಿದ್ದ ಮೂಲೆಯ ದೊಡ್ಡ ಯಂತ್ರ ಇನ್ನೊಂದು ಮರಿಗೂ ಜಾಗವಿಲ್ಲದೆ ಕಲ್ಲಿನ ಹಾಗೆ ಕೂತುಬಿಟ್ಟಿತು. ಇಪ್ಪತ್ನಾಲ್ಕು ಪರದೆಗಳೂ ನಿಂತವು, ಅದೂ ಪರೀಕ್ಷೆಯ ಹಿಂದಿನ ದಿನ! ಬೈಗುಳ ಯಾರಿಗೆ? ಬೀಗದ ಕೈ ಇದ್ದವಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಇಂದು ನಿನ್ನೆಯ ಪದ್ಧತಿಯಲ್ಲವಲ್ಲ.

ಬೈದದ್ದನ್ನು ಅವಳು ಎರಡು ದಿನದಲ್ಲಿ ಮರೆತಳು. ನಾಲ್ಕು ಸಾಲಿನ ಪ್ರೋಗ್ರಾಮು ಅಷ್ಟು ದೊಡ್ಡ ಯಂತ್ರವನ್ನು ಮಲಗಿಸಿದ್ದು ಹೇಗೆ ಎಂಬುದನ್ನು ಮಾತ್ರ ಮರೆಯಲಾಗಲಿಲ್ಲ. ಮೇಷ್ಟ್ರನ್ನು ಕೇಳಿದಳು. "ನಿನಗ್ಯಾಕಮ್ಮ ಅದೆಲ್ಲ" ಎಂದರು. ಸರಿ, ಕಪಾಟಿನಲ್ಲಿದ್ದ ದಪ್ಪ ಪುಸ್ತಕ ತೆಗೆದಳು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಒಂದು ಪುಟಕ್ಕೆ ಮೂರು ದಿನದಂತೆ ಓದಿದಳು. ಒಂದೇ ಒಂದು ಜಾಗದಲ್ಲಿ ಗಾಡಿ ಸಿಕ್ಕಿಹಾಕಿಕೊಂಡಿತು. ಫೋರ್ಕನ್ನು ಕರೆಯುವುದು ಒಂದು ಸಲ, ಉತ್ತರ ಬರುವುದು ಎರಡು ಸಲ ಎಂದು ಪುಸ್ತಕ ಹೇಳುತ್ತಿತ್ತು. ಇದೆಂಥ ಮಾತು? ಒಮ್ಮೆ ಕೂಗಿದರೆ ಎರಡು ಸಲ "ಓ" ಅನ್ನುತ್ತಾರೆಯೇ?

ಬಿಡಿಸಿದ್ದು ಅವಳ ಗಂಡ, ಅದೂ ಅವನಿಗೆ ಗೊತ್ತಿಲ್ಲದ ಹಾಗೆ. ಗಂಡ ದರ್ಜಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಬಾಗಿಲಿನ ಅಂಗಡಿ, ಒಂದು ಹೊಲಿಗೆ ಯಂತ್ರ, ಗೋಡೆಯ ಮೊಳೆಗೆ ನೇತುಹಾಕಿದ ಅಳತೆಯ ಕಾಗದಗಳು. ಮಧ್ಯಾಹ್ನ ಊಟ ಕೊಡಲು ಹೋದಾಗ ಅವನು ಹಳೆಯ ಅಳತೆಯ ಕಾಗದವನ್ನು ಹೊಸ ಕಾಗದದ ಮೇಲಿಟ್ಟು, ಸುತ್ತ ಗೆರೆ ಎಳೆದು ಕತ್ತರಿಸುತ್ತಿದ್ದ. ಗುರುತುಗಳೂ ಅವೇ, ಗೆರೆಗಳೂ ಅವೇ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಹಳೆಯದು, ಯಾವುದು ಹೊಸದು ಎಂದು ಅವನಿಗೇ ತಿಳಿಯುತ್ತಿರಲಿಲ್ಲ. ಅದಕ್ಕೇ ಅವನು ಹಳೆಯದರ ಮೂಲೆಯಲ್ಲಿ ಹೊಸದರ ನಂಬರು ಬರೆಯುತ್ತಿದ್ದ, ಹೊಸದರ ಮೂಲೆಯಲ್ಲಿ ಒಂದು ಸೊನ್ನೆ.

"ಸೊನ್ನೆ ಯಾಕ್ರೀ?" ಎಂದಳು.

"ಇದರಿಂದ ಇನ್ನೂ ಏನೂ ಕತ್ತರಿಸಿಲ್ಲ ಅಂತ ಕಣೇ. ಅದಕ್ಕೂ ನೆನಪಿರಲಿ, ನನಗೂ ನೆನಪಿರಲಿ."

ಅವಳು ಊಟದ ಡಬ್ಬಿಯನ್ನು ಅಲ್ಲೇ ಇಟ್ಟು ಲ್ಯಾಬಿಗೆ ಓಡಿದಳು. ಪುಸ್ತಕ ಹೇಳಿದ್ದು ಇದನ್ನೇ! ಕರೆ ಕೊಡುವಾಗ ಪ್ರೋಗ್ರಾಮು ಒಂದೇ. ಕರೆ ಮುಗಿಯುವ ಹೊತ್ತಿಗೆ ಎರಡು. ಎರಡೂ ಅದೇ ಸಾಲಿನಲ್ಲಿ ಕಣ್ಣುಬಿಡುತ್ತವೆ, ಎರಡರ ಕೈಗೂ ಒಂದೊಂದು ಚೀಟಿ ಬರುತ್ತದೆ. ಚೀಟಿಯಲ್ಲಿ ಸೊನ್ನೆ ಇದ್ದರೆ ನಾನು ಮರಿ. ನಂಬರು ಇದ್ದರೆ ನಾನು ತಾಯಿ, ಅದು ನನ್ನ ಮರಿಯ ನಂಬರು. ಆ ದಿನ ಅವಳು ಖಾಲಿ ಲ್ಯಾಬಿನಲ್ಲಿ ಒಬ್ಬಳೇ ಕೂತು ನಕ್ಕಳು.

ಅಂದಿನಿಂದ ಅದೇ ಅವಳ ಪಾಠ. ಮೇಷ್ಟ್ರು ಟೀಗೆ ಹೋದ ತಕ್ಷಣ ಬಾಗಿಲ ಬಳಿಯ ಸ್ಟೂಲಿನಿಂದ ಎದ್ದು ಸೀಮೆಸುಣ್ಣ ಹಿಡಿಯುತ್ತಿದ್ದಳು. ಮೊದಲು ದರ್ಜಿಯ ಕಾಗದ. ಆಮೇಲೆ ಪ್ರಶ್ನೆ: "ಹೊಸ ಕಾಗದದ ಸೊಂಟ ನಾಲ್ಕು ಇಂಚು ಕತ್ತರಿಸಿದೆ ಅಂತಿಟ್ಕೊಳ್ಳಿ. ಹಳೇ ಕಾಗದದ ದಪ್ಪನೆ ಗಿರಾಕಿ ಹೊಟ್ಟೆ ಕರಗುತ್ತಾ?" ಆ ಮಾತಿಗೆ ಪ್ರತಿ ವರ್ಷವೂ ಲ್ಯಾಬು ನಗುತ್ತಿತ್ತು. ಮರಿ ತನ್ನ ಲೆಕ್ಕ ಬದಲಿಸಿಕೊಂಡರೆ ತಾಯಿಯ ಲೆಕ್ಕ ಬದಲಾಗುವುದಿಲ್ಲ ಎಂಬುದು ಆ ನಗುವಿನ ಜೊತೆಗೇ ತಲೆಗೆ ಹೋಗುತ್ತಿತ್ತು. ಆಮೇಲೆ ಒಂದರ ಕೆಳಗೊಂದು ಮೂರು ಫೋರ್ಕ್ ಬರೆದು ಒಟ್ಟು ಎಷ್ಟು ಪ್ರೋಗ್ರಾಮು ಓಡುತ್ತವೆ ಎಂದು ಕೇಳುತ್ತಿದ್ದಳು. ಒಬ್ಬರು ಮೂರು ಅನ್ನುತ್ತಿದ್ದರು, ಇನ್ನೊಬ್ಬರು ನಾಲ್ಕು. "ಹುಟ್ಟಿದ ಮರಿ ಏನು ತೊಟ್ಟಿಲಲ್ಲಿ ಮಲಗಿರುತ್ತಾ? ಅದೂ ಉಳಿದ ಸಾಲು ಓಡಿಸ್ಬೇಕಲ್ಲ!" ಎಂದು ಅವಳು ಕವಲು ಕವಲಾಗಿ ಗೆರೆ ಎಳೆಯುತ್ತಿದ್ದಳು. ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗುತ್ತಿತ್ತು. ತಪ್ಪು ಹೇಳಿದವರು ಬಂದು ಬೋರ್ಡು ಒರೆಸಬೇಕು, ಅದು ಅವಳ ಕಾನೂನು. ಯಂತ್ರ ಮುಟ್ಟುವ ಮೊದಲು ಎಲ್ಲರೂ ಕಾಗದದ ಮೇಲೆ ಕವಲು ಎಳೆಯಬೇಕು ಎಂಬುದು ಎರಡನೇ ಕಾನೂನು. ಅದು ಬಂದ ಮೇಲೆ ಆ ಲ್ಯಾಬಿನ ದೊಡ್ಡ ಯಂತ್ರ ಇನ್ನೊಮ್ಮೆ ಕಲ್ಲಾಗಲಿಲ್ಲ.

ಹೀಗೆ ಪಾಠ ಅವಳದ್ದು, ಹೆಸರು ಮೇಷ್ಟ್ರದ್ದು. ಲ್ಯಾಬಿನ ಕೈಪಿಡಿಯನ್ನು ಬರೆದವಳೂ ಅವಳೇ, ರಟ್ಟಿನ ಮೇಲೆ ಹೆಸರು ಮಾತ್ರ ವಿಭಾಗದ ಮುಖ್ಯಸ್ಥರದ್ದು. ಅವರನ್ನು ಎಲ್ಲರೂ ದೊಡ್ಡ ಸಾರ್ ಎನ್ನುತ್ತಿದ್ದರು. ಹೊರಗಿನವರು ತಪಾಸಣೆಗೆ ಬಂದ ದಿನ ಅವಳು ಸೀಮೆಸುಣ್ಣ ಮುಟ್ಟುವಂತಿರಲಿಲ್ಲ, ಸ್ಟೂಲಿನ ಮೇಲೂ ಕೂರುವಂತಿರಲಿಲ್ಲ. ಸಂಬಳ ಕಡಿಮೆ ಎಂದು ಅವಳು ಯಾವತ್ತೂ ಗೊಣಗಿದವಳಲ್ಲ. ಅವಳ ಕೊರಗೇ ಬೇರೆ. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ತಾನು ಹೇಳಿದ್ದೇ ಬಂದರೂ ಅದಕ್ಕೆ ಸರಿ ಎಂದು ಗೀಟು ಹಾಕುವ ಹಕ್ಕು ತನಗಿಲ್ಲ. ತಾನು ಹೇಳಿದ್ದು ಪಾಠವಲ್ಲ, ಮೇಷ್ಟ್ರು ಬರುವ ತನಕದ ಹರಟೆ.

ಅಂಥದ್ದರಲ್ಲಿ ಬೋಧಕರ ಹುದ್ದೆಯೊಂದು ಖಾಲಿಯಾಯಿತು. ಹತ್ತು ವರ್ಷದ ಅನುಭವವಿದ್ದರೆ ಪದವಿ ಕಡ್ಡಾಯವಲ್ಲ ಎಂದು ಪ್ರಕಟಣೆಯಲ್ಲೇ ಇತ್ತು. ಆಯ್ಕೆ ಸಮಿತಿಯ ಮುಂದೆ ಇಪ್ಪತ್ತು ನಿಮಿಷ ಒಂದು ಪಾಠ ಮಾಡಿ ತೋರಿಸಬೇಕು, ಅಷ್ಟೇ. ಪಾಠದ ವಿಷಯ: ಪ್ರೋಗ್ರಾಮು ಮರಿ ಪ್ರೊಸೆಸ್ಸನ್ನು ಹುಟ್ಟಿಸುವ ಬಗೆ. ಓಡುತ್ತಿರುವ ಪ್ರೋಗ್ರಾಮಿಗೆ ಪುಸ್ತಕದ ಹೆಸರು ಪ್ರೊಸೆಸ್ಸು. ಅವಳು ಪ್ರಕಟಣೆಯನ್ನು ಮೂರು ಸಲ ಓದಿದಳು. ಗಂಡ, "ನಿನ್ನ ಹೆಸರು ಹಾಕೋದೊಂದು ಮರೆತಿದ್ದಾರೆ ನೋಡು" ಎಂದ. ಅವಳು ಅರ್ಜಿ ಹಾಕಿದಳು.

ಅರ್ಜಿ ಹಾಕಿದ ಮರುವಾರ ದೊಡ್ಡ ಸಾರ್ ಕರೆಸಿದರು. ಕೂರಿಸಿ ಮಾತಾಡಿದರು. ಹತ್ತೊಂಬತ್ತು ವರ್ಷದಲ್ಲಿ ಅವರು ಕೂರಿಸಿದ್ದು ಅದೇ ಮೊದಲು, ಅಲ್ಲೇ ಅವಳಿಗೆ ಅನುಮಾನ ಬರಬೇಕಿತ್ತು.

"ನೋಡಮ್ಮ, ನಮ್ಮ ಅಳಿಯಂಗೆ ಎಲ್ಲೋ ಒಂದು ಕಡೆ ಇಂಟರ್‌ವ್ಯೂ ಇದೆ. ಡಿಗ್ರಿ ಇದೆ, ಆದರೆ ಈ ಫೋರ್ಕಿನ ಪಾಠವೊಂದು ಯಾಕೋ ತಲೆಗೆ ಹೋಗ್ತಿಲ್ಲ. ನಿನ್ನಷ್ಟು ಚೆನ್ನಾಗಿ ಯಾರು ಹೇಳ್ಕೊಡ್ತಾರೆ? ಒಂದ್ಮೂರು ಮಧ್ಯಾಹ್ನ ಹೇಳ್ಕೊಡು."

ಆ ಹೊಗಳಿಕೆಗೆ ಅವಳು ಕರಗಿಬಿಟ್ಟಳು. ಕರಗದೆ ಏನು ಮಾಡಿಯಾಳು? ಅಷ್ಟು ವರ್ಷದಲ್ಲಿ ಬಾಯ್ಬಿಟ್ಟು ಹಾಗೆ ಹೇಳಿದವರು ಒಬ್ಬರಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನೂ, "ಹೇಳ್ಕೊಡೇ, ವಿದ್ಯೆ ಹಂಚಿದ್ರೆ ಕಡಿಮೆ ಆಗುತ್ತಾ?" ಎಂದ.

ಅಳಿಯ ಬಂದ. ಕೆಟ್ಟವನಲ್ಲ, ಅದನ್ನು ಹೇಳಿಬಿಡಬೇಕು. ವಿನಯವಂತ, ಅಕ್ಕಾ ಅಕ್ಕಾ ಎನ್ನುತ್ತಿದ್ದ, ಹೇಳಿದ್ದನ್ನೆಲ್ಲ ಗುಂಡಗಿನ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದ. ಮೊದಲ ಮಧ್ಯಾಹ್ನ ಅವನಿಗೂ ಗಾಡಿ ಸಿಕ್ಕಿಹಾಕಿಕೊಂಡದ್ದು ಆ ಎರಡು ಸಲದ ಉತ್ತರದಲ್ಲೇ. ಲ್ಯಾಬಕ್ಕನ ಸ್ವಭಾವವೊಂದಿತ್ತು, ಎದುರಿಗೆ ಕೂತವರ ಮುಖದಲ್ಲಿ ಬೆಳಕು ಹತ್ತುವ ತನಕ ಅವಳು ಬಿಡುವವಳಲ್ಲ. ಗಂಡನ ಅಂಗಡಿಯಿಂದ ಎರಡು ಕಾಗದ ತಂದು ಅವನ ಕೈಯಿಂದಲೇ ಗೆರೆ ಎಳೆಸಿದಳು, ಸೊನ್ನೆ ಬರೆಸಿದಳು. ಎರಡನೇ ದಿನ ಕವಲು ಎಳೆಸಿದಳು. ಮೂರನೇ ದಿನ ಅವನೇ ಮೇಷ್ಟ್ರಂತೆ ನಿಂತು ಪಾಠ ಮಾಡಬೇಕು, ಅವಳು ವಿದ್ಯಾರ್ಥಿಯಂತೆ ಬೆಂಚಿನಲ್ಲಿ ಕೂರಬೇಕು ಎಂದಾಯಿತು. ದಪ್ಪನೆ ಗಿರಾಕಿಯ ಮಾತನ್ನು ಅವನು ಅವಸರದಲ್ಲಿ ಹೇಳಿ ಕೆಡಿಸಿದ. "ಹಾಗಲ್ಲ. ಕರಗುತ್ತಾ ಅನ್ನೋಕೆ ಮುಂಚೆ ಒಂಚೂರು ನಿಲ್ಲಿಸಿ. ಆಗ ನಗ್ತಾರೆ" ಎಂದು ಅದನ್ನೂ ತಿದ್ದಿದಳು. ನಾಲ್ಕನೇ ದಿನಕ್ಕೆ, ಹುಟ್ಟಿದ ಮರಿಯ ಮುಂದಿನ ಗತಿಯೇನು ಎಂಬ ಪಾಠ ಇಟ್ಟುಕೊಂಡಿದ್ದಳು. ಅವನು ಬರಲಿಲ್ಲ. ಇಷ್ಟು ಸಾಕು ಎಂದು ಮಾವನ ಕೈಲಿ ಹೇಳಿಕಳಿಸಿದ.

ಆಯ್ಕೆ ಸಮಿತಿಗೆ ಪಾಠ ಮಾಡಿ ತೋರಿಸಬೇಕಾದ ಹಿಂದಿನ ದಿನ ಸೂಚನಾ ಫಲಕದಲ್ಲಿ ಅಭ್ಯರ್ಥಿಗಳ ಪಟ್ಟಿ ಬಿತ್ತು. ಎರಡೇ ಹೆಸರು. ಮೊದಲನೆಯದು ಅಳಿಯನದು, ಎರಡನೆಯದು ಅವಳದು. "ಎಲ್ಲೋ ಒಂದು ಕಡೆ" ಎಂದಿದ್ದ ಇಂಟರ್‌ವ್ಯೂ ಇದೇ ಕಾಲೇಜಿನದು! ಅವಳು ಪಟ್ಟಿಯ ಮುಂದೆ ಎಷ್ಟು ಹೊತ್ತು ನಿಂತಿದ್ದಳೋ. ನೇರ ದೊಡ್ಡ ಸಾರ್ ಕೋಣೆಗೆ ಹೋಗಿ ಕೇಳಿಬಿಡಬೇಕು ಎಂದು ನಾಲ್ಕು ಹೆಜ್ಜೆ ಇಟ್ಟು ವಾಪಸು ಬಂದಳು. ಬಡವನ ಸಿಟ್ಟು ದವಡೆಗೆ ಮೂಲ ಎಂದು ಸುಮ್ಮನೆ ಹೇಳಿಲ್ಲ.

ಅಳಿಯನ ವಿಷಯವಾದ್ದರಿಂದ ದೊಡ್ಡ ಸಾರ್ ಆಯ್ಕೆ ಸಮಿತಿಯಿಂದ ದೂರ ಉಳಿದಿದ್ದರು. ಎಷ್ಟು ದೂರವೆಂದರೆ, ಸಮಿತಿಯ ಕೋಣೆಯ ಬಾಗಿಲಾಚೆ ಕುರ್ಚಿ ಹಾಕಿ ಕೂತಷ್ಟು ದೂರ. ಅದೇ ಬಾಗಿಲಾಚೆ ಇನ್ನೊಂದು ಬದಿಯ ಬೆಂಚಿನಲ್ಲಿ ಲ್ಯಾಬಕ್ಕ. ಒಳಗೆ ಅಳಿಯನ ಪಾಠ ನಡೆಯುತ್ತಿತ್ತು. ಮಾತುಗಳು ಕೇಳುತ್ತಿರಲಿಲ್ಲ, ಧ್ವನಿಯ ಏರಿಳಿತವಷ್ಟೇ ಕೇಳುತ್ತಿತ್ತು. ಸುಮಾರು ಎಂಟು ನಿಮಿಷವಾಗಿರಬೇಕು, ಧ್ವನಿ ಒಂಚೂರು ನಿಂತಿತು. ಆಮೇಲೆ ಸಮಿತಿಯ ಮೂವರೂ ಗೊಳ್ಳೆಂದು ನಕ್ಕರು.

ಆ ನಗು ಯಾವ ಮಾತಿಗೆ ಬಂದದ್ದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಇನ್ನು ಹನ್ನೆರಡು ನಿಮಿಷ ಇತ್ತು. ಬೇರೆ ಏನಾದರೂ ಹೇಳಬೇಕು, ಬೇರೆ ಉದಾಹರಣೆ, ಬೇರೆ ಆರಂಭ. ತಲೆಯೆಲ್ಲ ತಡಕಾಡಿದಳು. ಏನೂ ಸಿಗಲಿಲ್ಲ. ಹತ್ತೊಂಬತ್ತು ವರ್ಷ ಉಜ್ಜಿ ಉಜ್ಜಿ ಹೊಳಪು ಬರಿಸಿದ ಒಂದೇ ಒಂದು ಪಾಠ ಅವಳ ಹತ್ತಿರ ಇದ್ದದ್ದು. ಅದು ಈಗ ಒಳಗಿತ್ತು.

ಅವಳ ಸರದಿ ಬಂತು. ಬೋರ್ಡಿನ ತುಂಬ ಅವಳದೇ ಕವಲುಗಳು, ಗುಂಡಗಿನ ಅಕ್ಷರದಲ್ಲಿ. ಮೊದಲು ಬೋರ್ಡು ಒರೆಸಿದಳು, ಹೇಗೂ ಅದು ಅವಳದೇ ಕೆಲಸವಲ್ಲವೇ! ಆಮೇಲೆ ಗಂಟಲು ಸರಿಮಾಡಿಕೊಂಡು, "ಒಬ್ಬ ದರ್ಜಿ ಇದ್ದಾನೆ ಅಂತಿಟ್ಕೊಳ್ಳಿ" ಎಂದಳು.

ಸಮಿತಿಯ ಹಿರಿಯರು ಕನ್ನಡಕ ತೆಗೆದರು. "ಆ ದರ್ಜಿ ಈಗ ತಾನೇ ಬಂದು ಹೋದನಲ್ಲಮ್ಮ!"

"ಆ ದರ್ಜಿ ನನ್ನ ಗಂಡ, ಸಾರ್."

ಮೂವರೂ ಮತ್ತೆ ನಕ್ಕರು, ಮೊದಲಿಗಿಂತ ಜೋರಾಗಿ. ಅವಳು ತಮಾಷೆ ಮಾಡಿದಳೆಂದೇ ಅವರು ತಿಳಿದದ್ದು. "ನಾನೇ ಅವರಿಗೆ ಹೇಳಿಕೊಟ್ಟದ್ದು" ಎನ್ನಬೇಕೆಂದು ಬಾಯಿ ತೆರೆದಳು. ಲ್ಯಾಬಿನ ಬೀಗ ತೆಗೆಯುವವಳು ಪದವಿ ಪಡೆದವನಿಗೆ ಹೇಳಿಕೊಟ್ಟಳಂತೆ! ತನ್ನ ಕಿವಿಗೇ ಅದು ಸುಳ್ಳಿನಂತೆ ಕೇಳೀತು ಎನ್ನಿಸಿ ಬಾಯಿ ಮುಚ್ಚಿಕೊಂಡಳು. "ಬೇರೆ ಉದಾಹರಣೆ ಇದೆಯಾ?" ಎಂದು ಹಿರಿಯರು ಮೆತ್ತಗೆ ಕೇಳಿದರು. ಅವಳು ಕವಲು ಎಳೆದಳು. ಅದನ್ನೂ ಅವರು ನೋಡಿಯಾಗಿತ್ತು. ಇಪ್ಪತ್ತು ನಿಮಿಷದ ಪಾಠ ಒಂಬತ್ತು ನಿಮಿಷಕ್ಕೆ ಮುಗಿಯಿತು.

ಸಮಿತಿ ಬರೆದದ್ದನ್ನು ಕಚೇರಿಯ ಗುಮಾಸ್ತೆ ಅವಳಿಗೆ ಗುಟ್ಟಾಗಿ ತೋರಿಸಿದಳು. ವಿಷಯ ಗೊತ್ತಿದೆ, ಸ್ವಂತಿಕೆ ಇಲ್ಲ, ಇತರರ ಪಾಠವನ್ನು ಅನುಕರಿಸುತ್ತಾರೆ. ಅನುಕರಿಸುತ್ತಾಳಂತೆ! ಅವಳು ಆ ಸಾಲನ್ನು ಓದಿ, ಕಾಗದ ವಾಪಸು ಕೊಟ್ಟು, "ಅಕ್ಷರ ಚೆನ್ನಾಗಿದೆ" ಎಂದಳು.

ಮನೆಯಲ್ಲಿ ಗಂಡ ಏನಾಯಿತೆಂದು ಕೇಳಿದ. "ವಿದ್ಯೆ ಹಂಚಿದ್ರೆ ಕಡಿಮೆ ಆಗಲ್ಲ ಅಂದ್ರಲ್ಲ, ಹೆಚ್ಚಾಗಿದೆ. ನಿಮ್ಮನ್ನೂ ಹಂಚಿ ಬಂದೆ" ಎಂದು ತಟ್ಟೆಯನ್ನು ಕುಕ್ಕಿದಳು. ಪೂರ್ತಿ ಕೇಳಿದ ಮೇಲೆ ಅವನಿಗೆ ಕೋಪ ನೆತ್ತಿಗೇರಿತು. "ಉಂಡೂ ಹೋದ, ಕೊಂಡೂ ಹೋದ! ನಾಳೆ ನಾನೇ ಬರ್ತೀನಿ. ಆ ದರ್ಜಿ ನಾನೇ ಅಂತ ಹೇಳ್ತೀನಿ, ಕತ್ತರಿ ಸಮೇತ ಬರ್ತೀನಿ."

"ಬಂದು ಏನು ಮಾಡ್ತೀರಿ? ಅಳತೆ ತಗೋತೀರಾ?" ಎಂದಳು. ಇಬ್ಬರಿಗೂ ನಗು ಬರಲಿಲ್ಲ.

ಅಳಿಯ ಕೆಲಸಕ್ಕೆ ಸೇರಿದ ದಿನ ಮೊದಲು ಬಂದದ್ದು ಅವಳ ಹತ್ತಿರವೇ. ಮುಖದ ತುಂಬ ನಗು. "ಎಲ್ಲಾ ನಿಮ್ಮಿಂದಾನೇ ಅಕ್ಕಾ. ಆ ದರ್ಜಿ ಉದಾಹರಣೆ ಎಲ್ಲರಿಗೂ ಎಷ್ಟು ಇಷ್ಟ ಆಯ್ತು ಗೊತ್ತಾ!" ಅವನ ಮನಸ್ಸಿನಲ್ಲಿ ಕಪಟವೇ ಇರಲಿಲ್ಲ. ಅದೇ ಅವಳನ್ನು ಇನ್ನಷ್ಟು ಉರಿಸಿದ್ದು. ಕಳ್ಳನೆಂದು ಬೈಯೋಣವೆಂದರೆ ತಾನು ಕದ್ದಿದ್ದೇನೆಂಬುದೇ ಅವನಿಗೆ ಗೊತ್ತಿಲ್ಲ! ಅವಳು ಹಾಜರಿ ಪುಸ್ತಕವನ್ನು ಅವನ ಮುಂದಿಟ್ಟಳು.

ಅವನು ಟೀಗೆ ಹೋಗುವ ಜಾತಿಯೂ ಅಲ್ಲ. ಪೂರ್ತಿ ಎರಡು ಗಂಟೆ ನಿಂತು ಪಾಠ ಮಾಡುತ್ತಿದ್ದ. ಅದರಿಂದ ಅವಳಿಗೆ ಉಳಿದದ್ದು ಸ್ಟೂಲು ಮಾತ್ರ. ಎರಡನೇ ವಾರ, ಮೂರನೇ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ಚುರುಕು ಹುಡುಗಿ, ಕಾಗದದ ಮೇಲೆ ಎಲ್ಲರಿಗಿಂತ ಮೊದಲು ಕವಲು ಎಳೆಯುತ್ತಿದ್ದವಳು.

"ಸಾರ್, ಮರಿ ಇನ್ನೂ ಕೆಲಸ ಮಾಡ್ತಿರುವಾಗಲೇ ತಾಯಿ ಪ್ರೋಗ್ರಾಮ್ ಮುಗಿದುಹೋದ್ರೆ? ಆಗ ಮರಿ ಏನಾಗುತ್ತೆ?"

ಅಳಿಯ ಒಂದು ಕ್ಷಣ ಬೋರ್ಡಿನ ಕಡೆ ನೋಡಿದ. ನಾಲ್ಕನೇ ಮಧ್ಯಾಹ್ನದ ಪಾಠ ಅದು. ಆಮೇಲೆ ಗಟ್ಟಿ ಧ್ವನಿಯಲ್ಲಿ ಹೇಳಿದ: "ತಾಯಿ ಹೋದಮೇಲೆ ಮರಿ ಎಲ್ಲಿರುತ್ತೆ? ಅದೂ ಜೊತೆಗೇ ಸಾಯುತ್ತೆ. ಬರ್ಕೊಳ್ಳಿ."

ಆಹಾ, ಸಿಕ್ಕಿಬಿದ್ದ! ಲ್ಯಾಬಕ್ಕನ ಎದೆಯಲ್ಲಿ ಎಷ್ಟೋ ದಿನದ ಮೇಲೆ ತಂಪು ಗಾಳಿ ಬೀಸಿತು. ಶುದ್ಧ ತಪ್ಪು! ತಾಯಿ ಮುಗಿದುಹೋದರೂ ಮರಿ ಸಾಯುವುದಿಲ್ಲ, ತನ್ನ ಪಾಡಿಗೆ ಓಡುತ್ತಿರುತ್ತದೆ. ಯಂತ್ರ ಏಳುವಾಗಲೇ ಎದ್ದ ಒಂದನೇ ನಂಬರಿನ ಪ್ರೊಸೆಸ್ಸು ಅದನ್ನು ತನ್ನದಾಗಿ ಮಾಡಿಕೊಳ್ಳುತ್ತದೆ. ಇಷ್ಟು ಗೊತ್ತಿಲ್ಲದವನು ಬೋಧಕ! ಈಗ ಯಾರಾದರೂ ಎದ್ದು ತಪ್ಪು ಎನ್ನುತ್ತಾರೆ, ಇವನ ಮುಖ ನೋಡಬೇಕು ಎಂದು ಕಾದಳು.

ಯಾರೂ ಏಳಲಿಲ್ಲ. ಇಪ್ಪತ್ನಾಲ್ಕು ಪೆನ್ನುಗಳು ಒಟ್ಟಿಗೆ ಸರಸರ ಓಡಿದವು. ಮರಿಯೂ ಜೊತೆಗೇ ಸಾಯುತ್ತದೆ, ಪೂರ್ಣವಿರಾಮ. ಅವಳ ತಂಪು ಗಾಳಿ ಅಲ್ಲೇ ನಿಂತಿತು. ಆ ಕೋಣೆಯಿಂದ ಹತ್ತೊಂಬತ್ತು ವರ್ಷದಲ್ಲಿ ಒಂದು ತಪ್ಪು ಸಾಲೂ ಅವಳ ಕಣ್ಣು ತಪ್ಪಿಸಿ ಹೊರಗೆ ಹೋಗಿರಲಿಲ್ಲ. ಅಷ್ಟು ಜನರ ಮುಂದೆ ಬೋಧಕರ ಮಾತಿಗೆ ಅಡ್ಡ ಬಾಯಿ ಹಾಕುವಂತಿಲ್ಲ. ತರಗತಿ ಮುಗಿಯುವ ತನಕ ಸ್ಟೂಲಿನ ಅಂಚು ಹಿಡಿದು ಕೂತಿದ್ದಳು.

ಎಲ್ಲರೂ ಹೊರಟಮೇಲೆ ಆ ಹುಡುಗಿಯನ್ನು ನಿಲ್ಲಿಸಿದಳು. "ಐದು ನಿಮಿಷ ಕೂತ್ಕೊಳ್ಳಮ್ಮ. ನಿನ್ನ ಪ್ರಶ್ನೆಗೆ ಯಂತ್ರಾನೇ ಉತ್ತರ ಹೇಳುತ್ತೆ." ಒಂದು ಸಣ್ಣ ಪ್ರೋಗ್ರಾಮು ಬರೆಸಿದಳು. ತಾಯಿ ಕೂಡಲೇ ಮುಗಿಯಬೇಕು. ಮರಿ ಹತ್ತು ಸೆಕೆಂಡು ಕಾದು, ಈಗ ತನ್ನ ತಾಯಿ ಯಾರು ಎಂದು ಕೇಳಿ ನಂಬರು ತೋರಿಸಬೇಕು. ಓಡಿಸಿದರು. ತಾಯಿ ಮುಗಿಯಿತು. ಇಬ್ಬರೂ ಕಾದರು. ಹತ್ತು ಸೆಕೆಂಡಿನ ಮೇಲೆ ಪರದೆಯ ಮೇಲೆ ಒಂದು ಸಾಲು ಮೂಡಿತು: ತಾಯಿಯ ನಂಬರು, ಒಂದು.

"ಅಯ್ಯೋ, ಹೌದಲ್ಲಾ! ಸಾಯ್ಲೇ ಇಲ್ಲ!" ಹುಡುಗಿಯ ಮುಖದಲ್ಲಿ ಬೆಳಕು ಹತ್ತಿತು. ಅದನ್ನು ನೋಡಿ ಲ್ಯಾಬಕ್ಕನ ಹೊಟ್ಟೆ ತುಂಬಿತು. ಹುದ್ದೆ ಹಾಳಾಗಿ ಹೋಗಲಿ, ಇದೊಂದು ತನ್ನ ಕೈಯಲ್ಲಿ ಇದೆಯಲ್ಲ ಎನ್ನಿಸಿತು.

"ಹಾಗಾದ್ರೆ ಪುಸ್ತಕದಲ್ಲಿ ತಿದ್ಕೋ" ಎಂದಳು.

ಹುಡುಗಿ ನೋಟ್‌ಬುಕ್ ತೆರೆದಳು. ಆ ಸಾಲಿನ ಮೇಲೆ ಪೆನ್ನು ಇಟ್ಟಳು. ಒಂದು ಸಲ ಪರದೆ ನೋಡಿದಳು, ಒಂದು ಸಲ ಲ್ಯಾಬಕ್ಕನ ಮುಖ ನೋಡಿದಳು. ಪೆನ್ನಿನ ಮುಚ್ಚಳ ಹಾಕಿದಳು.

"ನೀವು ಹೇಳಿದ್ದೇ ಸರಿ ಅಕ್ಕಾ, ಕಣ್ಣಾರೆ ನೋಡಿದ್ನಲ್ಲ. ಆದ್ರೆ ಪೇಪರ್ ತಿದ್ದೋರು ಸಾರ್ ಅಲ್ವಾ? ಸಾರ್ ಹೇಳಿದ್ದೇ ಇರ್ಲಿ ಬಿಡಿ." ಅವಳ ಧ್ವನಿಯಲ್ಲಿ ಅಗೌರವ ಎಳ್ಳಷ್ಟೂ ಇರಲಿಲ್ಲ. "ಪರೀಕ್ಷೆ ಮುಗಿದ್ಮೇಲೆ ಬೇಕಾದ್ರೆ ತಿದ್ಕೋತೀನಿ. ಬೇಜಾರು ಮಾಡ್ಕೋಬೇಡಿ ಅಕ್ಕಾ."

"ಇಲ್ಲಮ್ಮ, ಬೇಜಾರೇನು" ಎಂದಳು ಲ್ಯಾಬಕ್ಕ. "ಹೋಗು, ಬಸ್ಸು ತಪ್ಪುತ್ತೆ."